ತಿರುಗಿ ಬಂದವರ ಭಯ

೧೯೮೫ರ ಸುಮಾರಿಗೆ ನಮ್ಮ ಕಡೆ ಓದುವ ಹೆಂಗಸರಿದ್ದ ಮನೆಗಳಲ್ಲಿ ‘ತುಳಸಿದಳ’ದ ಹೆಸರು ಕೇಳದವರು ಕಡಿಮೆ. ಹೆಸರು ಕೇಳಿದರೆ ದೇವರ ಕೋಣೆಯಲ್ಲಿ ಇಡುವ ಪುಸ್ತಕ ಎನಿಸಬೇಕು. ಒಳಗಿದ್ದದ್ದು ಮಾಟ, ಮಂತ್ರ, ಸ್ಮಶಾನ. ತೆಲುಗಿನ ಯಂಡಮೂರಿ ವೀರೇಂದ್ರನಾಥರು ಬರೆದ ಈ ಕಾದಂಬರಿ ಅಲ್ಲಿಯ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, ಆಮೇಲೆ ಕನ್ನಡಕ್ಕೆ ಇಳಿದು, ೧೯೮೫ರಲ್ಲಿ ವೇಮಗಲ್ ಜಗನ್ನಾಥರಾಯರ ನಿರ್ದೇಶನದಲ್ಲಿ ಸಿನಿಮಾವೂ ಆಯಿತು. ತುಳಸಿ ಎಂಬ ಪುಟ್ಟ ಹುಡುಗಿ. ಅವಳ ಹೆಸರಿಗೆ ಬಂದ ಹಣ. ಆ ಹಣದ ಮೇಲೆ ಕಣ್ಣಿಟ್ಟವರು ಕಾಡಿನ ಮಾಂತ್ರಿಕನೊಬ್ಬನಿಂದ ಮಾಡಿಸುವ ಮಾಟ. ಒಂದು ಕಡೆ ಡಾಕ್ಟರುಗಳು, ಇನ್ನೊಂದು ಕಡೆ ಮಂತ್ರವಾದಿಗಳು, ನಡುವೆ ದಿನದಿಂದ ದಿನಕ್ಕೆ ಸೊರಗುವ ಮಗು. ಕತೆ ಇಷ್ಟೇ. ಆದರೆ ‘ಕಾಷ್ಮೋರ’ ಎಂಬ ಆ ಪುಸ್ತಕದ ಮಾತು ನಮ್ಮ ಶಾಲೆಯ ಹುಡುಗಿಯರ ಬಾಯಲ್ಲಿ ಬೈಗುಳದಂತೆ ಓಡಾಡತೊಡಗಿತು. ಪಾಠ ಒಪ್ಪಿಸದಿದ್ದರೆ ಗದರುವ ಟೀಚರಿಗೂ ಅದೇ ಹೆಸರು!

ನಾನಾಗ ಹೈಸ್ಕೂಲಿನ ಕೊನೆಯಲ್ಲಿದ್ದೆ. ಪೇಟೆಯಲ್ಲಿ ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿಯಿಂದ ಒಬ್ಬರು ತಂದ ಪ್ರತಿ ಹಿಂದಿರುಗುವ ಮೊದಲು ನಾಲ್ಕು ಮನೆ ಸುತ್ತುತ್ತಿತ್ತು. ಓದಿದವರ ಅಭಿಪ್ರಾಯ ಮಾತ್ರ ನಾಲ್ಕು ಮನೆಗೆ ನಾಲ್ಕು. ಪಕ್ಕದ ಮನೆಯ ಅತ್ತೆ, ಮೀನು ಕೊಯ್ಯುತ್ತ ಕೂತವರು, “ಹೆದ್ರಿಕಿ ಆತ್ತ್, ಆರೆ ಓದ್ದೆ ಇಪ್ಪುಕ್ ಆತಿಲ್ಲೆ” ಅನ್ನುತ್ತಿದ್ದರು. ಅವರ ಅತ್ತೆಗೆ ಓದು ಬರುತ್ತಿರಲಿಲ್ಲ, ಆದರೂ ಅಭಿಪ್ರಾಯ ಗಟ್ಟಿಯಾಗಿತ್ತು: ದೀಪ ಹಚ್ಚುವ ಹೊತ್ತಿಗೆ ಆ ಪುಸ್ತಕ ಚಾವಡಿಯಲ್ಲಿ ಇರಕೂಡದು, ಹೆಸರು ಹಿಡಿದು ಕರೆದರೆ ಅದು ಬಂದೀತು. ನಮ್ಮ ವಿಜ್ಞಾನದ ಮೇಷ್ಟ್ರು ತರಗತಿಯಲ್ಲೇ ಸಿಡಿದರು. ಇಂಥದ್ದನ್ನು ಓದುವವರು ಮುಂದೆ ಮಗುವಿಗೆ ಜ್ವರ ಬಂದರೆ ಆಸ್ಪತ್ರೆ ಬಿಟ್ಟು ಮಂತ್ರವಾದಿಯ ಬಾಗಿಲಿಗೆ ಹೋಗುತ್ತಾರೆ ಎಂದು ಅವರ ವಾದ. ಇನ್ನು ಸಾಹಿತ್ಯ ಬಲ್ಲವರು ಎನಿಸಿಕೊಂಡವರಿಗೆ ಅದು ಪುಸ್ತಕವೇ ಅಲ್ಲ.

ಮೇಷ್ಟ್ರ ಸಿಟ್ಟಿಗೆ ಹಿನ್ನೆಲೆ ಇತ್ತೆಂಬುದು ನನಗೆ ತಿಳಿದದ್ದು ಇತಿಹಾಸ ಪಾಠ ಮಾಡತೊಡಗಿದ ಮೇಲೆ. ‘ತುಳಸಿದಳ’ ಬಂದದ್ದು ಮೂಢನಂಬಿಕೆಯ ಬಗ್ಗೆ ಕರ್ನಾಟಕ ಗಟ್ಟಿಯಾಗಿ ಮಾತಾಡಿ ಮುಗಿಸಿದ ಹತ್ತು ವರ್ಷದೊಳಗೆ. ೧೯೭೬ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು, ಮೂಢನಂಬಿಕೆಗಳನ್ನು ಪರೀಕ್ಷಿಸುವ ಸಮಿತಿ ಮಾಡಿ ದೇಶದಲ್ಲೆಲ್ಲ ಸುದ್ದಿಯಾದರು. ಅದೇ ವರ್ಷ ಮಂಗಳೂರಿನಲ್ಲಿ ನರೇಂದ್ರ ನಾಯಕರು ದಕ್ಷಿಣ ಕನ್ನಡದ ವಿಚಾರವಾದಿಗಳ ಸಂಘ ಕಟ್ಟಿದರು. ಆಗ ಕುಂದಾಪುರವೂ ದಕ್ಷಿಣ ಕನ್ನಡವೇ. ಉಡುಪಿ ಜಿಲ್ಲೆಯಾದದ್ದು ೧೯೯೭ರಲ್ಲಿ. ಇಷ್ಟೆಲ್ಲ ಆಗಿ, ಜನ ಸ್ವಲ್ಪ ಕಣ್ಣು ಬಿಟ್ಟರು ಎನ್ನುವಾಗ ಒಂದು ಕಾದಂಬರಿ ಬಂದು ಮಾಟ ಇದ್ದರೂ ಇರಬಹುದು ಎಂದರೆ, ಕಷ್ಟಪಟ್ಟು ಪಾಠ ಹೇಳಿದವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ತೆಲುಗಿನಲ್ಲಂತೂ ಈ ಬಗೆಯ ಬರವಣಿಗೆಗೆ ‘ಕ್ಷುದ್ರ ಸಾಹಿತ್ಯ’ ಎಂದೇ ಹೆಸರು ಬಿತ್ತು.

ಆದರೆ ಮೇಷ್ಟ್ರು ಹೆದರಿದ ಹಾಗೆ ಆಯಿತೇ? ನನಗೆ ತಿಳಿದ ಮಟ್ಟಿಗೆ, ಆ ಪುಸ್ತಕ ಓದಿದ ನಮ್ಮ ಕೇರಿಯ ಹೆಂಗಸರು ಮಕ್ಕಳಿಗೆ ಜ್ವರ ಬಂದಾಗ ಮೊದಲಿನಂತೆಯೇ ಡಾಕ್ಟರ ಹತ್ತಿರವೂ ಹೋದರು, ದೇವಸ್ಥಾನಕ್ಕೂ ಹರಕೆ ಹೇಳಿಕೊಂಡರು. ಪುಸ್ತಕದಿಂದ ಎರಡರಲ್ಲಿ ಯಾವುದೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಅವರು ಆ ಕತೆಯಲ್ಲಿ ಹಿಡಿದದ್ದೇ ಬೇರೆ. ಪಕ್ಕದ ಮನೆಯ ಅತ್ತೆಗೆ ಮಾಂತ್ರಿಕನ ಭಯ ಅಷ್ಟಿರಲಿಲ್ಲ. “ಹೆಣ್ಣುಮಗುವಿನ ಹೆಸರಲ್ಲಿ ದುಡ್ಡಿಟ್ಟರಲ್ಲ, ಅಲ್ಲಿಂದ ಶುರುವಾಯಿತು ನೋಡು” ಎಂಬುದು ಅವರ ವಿಮರ್ಶೆ. ಅಳಿಯಸಂತಾನ ಕಟ್ಟಿನ ಊರು ನಮ್ಮದು. ಹೆಣ್ಣಿನ ಮೂಲಕ ಆಸ್ತಿ ಇಳಿಯುವ ಮನೆಗಳಲ್ಲಿ ಆ ಹೆಣ್ಣನ್ನು ಎಲ್ಲರೂ ಎಷ್ಟು ಪ್ರೀತಿಯಿಂದ, ಎಷ್ಟು ಲೆಕ್ಕ ಇಟ್ಟು ನೋಡುತ್ತಾರೆಂದು ಅವರಿಗೆ ಯಾವ ಕಾದಂಬರಿಕಾರರೂ ಹೇಳಿಕೊಡಬೇಕಾಗಿರಲಿಲ್ಲ. ೧೯೪೯ರಲ್ಲಿ ಮದ್ರಾಸ್ ಸರಕಾರ ಅಳಿಯಸಂತಾನ ಕಾಯಿದೆ ತಂದ ಮೇಲೆ ಪಾಲಿನ ವ್ಯಾಜ್ಯಗಳು ಕೋರ್ಟು ಹತ್ತಿದ ಕತೆಗಳನ್ನು ಕೇಳುತ್ತ ಬೆಳೆದವರು ಅವರು. ವಿಮರ್ಶಕರು ಮಾಟ ನಿಜವೋ ಸುಳ್ಳೋ ಎಂದು ಜಗಳಾಡುತ್ತಿದ್ದಾಗ, ಅವರು ಅದನ್ನು ಆಸ್ತಿಯ ಕತೆಯಾಗಿ ಓದಿ ಮುಗಿಸಿ, ಪುಸ್ತಕ ಮುಂದಿನ ಮನೆಗೆ ದಾಟಿಸಿದ್ದರು.

ಕಾದಂಬರಿ ಓದಿ ಹೆಂಗಸರು ಕೆಡುತ್ತಾರೆ ಎಂಬ ಚಿಂತೆ ‘ತುಳಸಿದಳ’ದಿಂದ ಹುಟ್ಟಿದ್ದೇನೂ ಅಲ್ಲ, ಅನ್ನಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುವ ‘ಇಂದಿರಾಬಾಯಿ’ ೧೮೯೯ರಲ್ಲಿ ಬಂತು. ಬರೆದ ವೆಂಕಟರಾಯರ ಹೆಸರಿನ ಹಿಂದಿರುವ ಗುಲ್ವಾಡಿ ನಮ್ಮ ಕುಂದಾಪುರ ತಾಲೂಕಿನ ಊರು. ಎಳೆಯ ವಿಧವೆಯೊಬ್ಬಳು ಓದಿ, ಮರುಮದುವೆಯಾಗುವ ಕತೆ. ಅದರಲ್ಲಿ ದೆವ್ವವೂ ಇಲ್ಲ, ಭೂತವೂ ಇಲ್ಲ. ಆ ಕಾಲದ ದೊಡ್ಡ ಮನೆಗಳಿಗೆ ಅದಕ್ಕಿಂತ ಹೆದರಿಕೆಯ ಪುಸ್ತಕ ಬೇರೆ ಇದ್ದಿರಲಾರದು. ೧೯೮೩ರಲ್ಲಿ ಮಣಿಪಾಲದಿಂದ ‘ತರಂಗ’ ಶುರುವಾದಾಗ ಅದರ ಸಂಪಾದಕರಾಗಿ ಬಂದವರೂ ಒಬ್ಬ ಗುಲ್ವಾಡಿಯವರೇ, ಸಂತೋಷಕುಮಾರ ಗುಲ್ವಾಡಿ. ಗುರುವಾರವೋ ಶುಕ್ರವಾರವೋ ಬಸ್ಸಿನಲ್ಲಿ ಬಂದಿಳಿಯುವ ವಾರಪತ್ರಿಕೆಗಾಗಿ ಕಾಯುವ ಅಭ್ಯಾಸ ನಮ್ಮ ತಲೆಮಾರಿನ ಹೆಂಗಸರಿಗೆ ಹತ್ತಿದ್ದು ಆಗಲೇ. ಧಾರಾವಾಹಿಯ ಕಂತುಗಳನ್ನು ಹರಿದು, ದಾರದಿಂದ ಹೊಲಿದು ಇಟ್ಟುಕೊಳ್ಳುತ್ತಿದ್ದೆವು. ಹೆಂಗಸರು ಬರೆದದ್ದಕ್ಕೆ ‘ಅಡುಗೆಮನೆ ಸಾಹಿತ್ಯ’ ಎಂಬ ಲೇವಡಿ ಇದ್ದ ಕಾಲ. ಓದುವವರಿಗೂ ಅದೇ ಮರ್ಯಾದೆ.

ಈ ಲೇವಡಿಯ ನಡುವೆಯೇ ತ್ರಿವೇಣಿಯವರು ಮಾಡಿದ ಕೆಲಸ ನೆನೆಯಬೇಕು. ೧೯೨೮ರಲ್ಲಿ ಹುಟ್ಟಿ ೧೯೬೩ರಲ್ಲೇ ತೀರಿಕೊಂಡ ಅವರಿಗೆ ಸಿಕ್ಕಿದ್ದು ಮೂವತ್ತೈದು ವರ್ಷ. ಅಷ್ಟರಲ್ಲಿ, ಹೆಣ್ಣಿಗೆ ‘ಮೈಮೇಲೆ ಬಂದಿದೆ’ ಎಂದು ಹಗುರವಾಗಿ ಹೇಳಿಬಿಡುತ್ತಿದ್ದುದನ್ನು ಅದು ಮನಸ್ಸಿನ ಕಾಯಿಲೆ, ಅದಕ್ಕೆ ಔಷಧಿಯಿದೆ ಎಂದು ಕಾದಂಬರಿಗಳಲ್ಲಿ ತೋರಿಸಿಕೊಟ್ಟರು. ‘ಶರಪಂಜರ’ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ತಿರುಗಿ ಬರುತ್ತಾಳೆ. ಬಂದವಳನ್ನು ಯಾರೂ ಗುಣವಾದವಳೆಂದು ಕಾಣುವುದಿಲ್ಲ. ಅವಳು ಜೋರಾಗಿ ನಕ್ಕರೆ ಸಂಶಯ, ಸುಮ್ಮನೆ ಕೂತರೆ ಸಂಶಯ. ಒಂದು ದೆವ್ವವೂ ಇಲ್ಲದ ಆ ಪುಸ್ತಕ ನನ್ನನ್ನು ‘ತುಳಸಿದಳ’ಕ್ಕಿಂತ ಹೆಚ್ಚು ಹೆದರಿಸಿತು. ತುಳಸಿಯ ಕತೆಯಲ್ಲಿ ಕೇಡು ಹೊರಗಿನಿಂದ ಬರುತ್ತದೆ. ಕಾವೇರಿಯ ಕತೆಯಲ್ಲಿ ಮನೆಯವಳೇ ತಿರುಗಿ ಬಂದಿದ್ದಾಳೆ, ಬಾಗಿಲು ತೆರೆದವರ ಕಣ್ಣು ಮಾತ್ರ ಬದಲಾಗಿದೆ.

ತಿರುಗಿ ಬರುವವರು ಎಂದೆನಲ್ಲ, ಸತ್ತವರು ತಿರುಗಿ ಬರುವುದೇನೂ ನಮ್ಮ ಊರಿಗೆ ಹೊಸತಲ್ಲ. ಇಲ್ಲಿ ಸತ್ತವರು ಪೂರ್ತಿ ಹೋಗಿಬಿಡುವುದೇ ಇಲ್ಲ. ಹಿರಿಯರಿಗೆ ಎಡೆ ಬಡಿಸುವ ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಒರೆ ಮಾಡಿ, ಮನೆಮಂದಿ ಸ್ವಲ್ಪ ಹೊತ್ತು ಹೊರಗೆ ಕಾಯುತ್ತಾರೆ. ಒಳಗೆ ಯಾರೋ ಉಣ್ಣುತ್ತಿದ್ದಾರೆ ಎಂದು ಯಾವ ಮಗುವೂ ಹೆದರಿ ಅತ್ತದ್ದು ನಾನು ಕಂಡಿಲ್ಲ. ಬ್ರಹ್ಮಾವರದ ಆಚೆ ತುಳು ಮಾತಿನ ಸೀಮೆ ಹತ್ತಿರವಾದಂತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಮದುವೆಯಾಗದೆ ಸತ್ತ ಹುಡುಗನಿಗೂ ಹಾಗೆಯೇ ಸತ್ತ ಹುಡುಗಿಗೂ ಸಂಬಂಧ ನೋಡಿ, ಎರಡು ಮನೆಯವರೂ ಕೂತು ಕುಲೆ ಮದುವೆ ಮಾಡುತ್ತಾರೆ. ಸತ್ತವರು ಕಾಡಿದರೆ ಅವರಿಗೆ ಏನೋ ಬೇಕಾಗಿದೆ ಎಂದು ಅರ್ಥ. ಕೇಳಬೇಕು, ಕೊಡಬೇಕು. ಕಡಿದು ಹಾಕುವ ಮಾತೇ ಇಲ್ಲ.

ಸತ್ತವರ ದಂಡು ಎದ್ದು ಬರುವ ಕತೆಯೂ ನಮಗೆ ಬಯಲಾಟದಲ್ಲೇ ಸಿಕ್ಕಿದೆ. ದೇವತೆಗಳು ಕೊಂದ ರಾಕ್ಷಸರನ್ನೆಲ್ಲ ಶುಕ್ರಾಚಾರ್ಯರು ಮೃತಸಂಜೀವಿನಿಯಿಂದ ಎಬ್ಬಿಸಿ ಮತ್ತೆ ಯುದ್ಧಕ್ಕೆ ಕಳಿಸುತ್ತಾರೆ. ಕೊಂದಷ್ಟೂ ಏಳುವ ಸೈನ್ಯ. ರಕ್ತಬೀಜನದು ಇನ್ನೂ ಘೋರ: ನೆಲಕ್ಕೆ ಬಿದ್ದ ಹನಿ ಹನಿ ರಕ್ತದಿಂದ ಅವನಂಥವನೇ ಇನ್ನೊಬ್ಬ. ಅಂಟುರೋಗ ಹರಡುವ ಬಗೆಯನ್ನು ಮಕ್ಕಳಿಗೆ ವಿವರಿಸುವಾಗ ನಾನು ಎಷ್ಟೋ ಸಲ ರಕ್ತಬೀಜನ ಉದಾಹರಣೆ ಕೊಟ್ಟದ್ದುಂಟು, ಥಟ್ಟನೆ ಅರ್ಥವಾಗುತ್ತದೆ. ಇನ್ನು ಹೆಣದೊಳಗೆ ಸೇರಿಕೊಂಡ ಬೇತಾಳ. ಕಾಶ್ಮೀರದ ಸೋಮದೇವ ಹನ್ನೊಂದನೆಯ ಶತಮಾನದಲ್ಲಿ ‘ಕಥಾಸರಿತ್ಸಾಗರ’ದಲ್ಲಿ ಸೇರಿಸಿದ ಆ ಕತೆಗಳು ‘ಚಂದಮಾಮ’ದ ಮೂಲಕ ನಮ್ಮ ಮನೆಗಳಿಗೆ ಬಂದವು. ಕತ್ತಿ ಹಿಡಿದ ರಾಜನ ಹೆಗಲ ಮೇಲೆ ಜೋತುಬಿದ್ದ ಹೆಣದ ಚಿತ್ರ, ಶಂಕರ್ ಅವರು ಬರೆದದ್ದು, ಯಾರಿಗೆ ನೆನಪಿಲ್ಲ? ಆ ಹೆಣ ಎಷ್ಟು ಸೊಗಸಾಗಿ ಕತೆ ಹೇಳುತ್ತಿತ್ತು! ಕೊನೆಗೆ ನ್ಯಾಯದ ಪ್ರಶ್ನೆ ಬೇರೆ ಕೇಳುತ್ತಿತ್ತು. ನಮ್ಮ ಹೆಣಗಳಿಗೆ ಮಾತು ಬರುತ್ತದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗಿನ ಮಕ್ಕಳು ಹೇಳುವ ಝೋಂಬಿಗೆ ಮಾತಿಲ್ಲ. ಮೊಬೈಲಿನಲ್ಲಿ, ಸಿನಿಮಾದಲ್ಲಿ ತೊದಲುತ್ತ, ಕಾಲೆಳೆಯುತ್ತ, ಕಂಡವರನ್ನು ಕಚ್ಚುತ್ತ ಬರುತ್ತದೆ. ಕಚ್ಚಿಸಿಕೊಂಡವರೂ ಅದೇ ಆಗುತ್ತಾರೆ. ಇದು ಎಲ್ಲಿಯ ಭೂತ ಎಂದು ಹುಡುಕಿದರೆ ಹೈಟಿ ಎಂಬ ದೇಶ ಸಿಗುತ್ತದೆ. ಫ್ರೆಂಚರು ಆಫ್ರಿಕದಿಂದ ಜನರನ್ನು ಹಡಗಿನಲ್ಲಿ ತುಂಬಿ ತಂದು ಕಬ್ಬಿನ ತೋಟಗಳಲ್ಲಿ ದುಡಿಸಿದ ಜಾಗ ಅದು. ಗುಲಾಮರೇ ದಂಗೆಯೆದ್ದು ೧೮೦೪ರಲ್ಲಿ ಸ್ವತಂತ್ರರಾದರು. ಆ ಜನರ ನಂಬಿಕೆಯ ಝೋಂಬಿ ಯಾರನ್ನೂ ಕಚ್ಚುವುದಿಲ್ಲ, ತಿನ್ನುವುದಿಲ್ಲ. ಮಾಂತ್ರಿಕನೊಬ್ಬ ಹೆಣವನ್ನು ಎಬ್ಬಿಸಿ ಹೊಲದಲ್ಲಿ ದುಡಿಸುತ್ತಾನೆ, ಅಷ್ಟೆ. ಝೋಂಬಿಯನ್ನು ಕಂಡು ಅವರಿಗೆ ಭಯವಿರಲಿಲ್ಲ. ತಾನೇ ಝೋಂಬಿಯಾದರೆ ಎಂಬುದು ಅವರ ಭಯ. ಸತ್ತಾದರೂ ಬಿಡುಗಡೆ ಸಿಕ್ಕೀತು ಎಂದು ಕಾದಿದ್ದ ಗುಲಾಮನಿಗೆ, ಸತ್ತ ಮೇಲೂ ತೋಟಕ್ಕೆ ಹೋಗಬೇಕಾದರೆ?

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಕೋಟದ ಶಿವರಾಮ ಕಾರಂತರ ‘ಚೋಮನ ದುಡಿ’. ೧೯೩೩ರ ಪುಸ್ತಕ. ತೋಟದ ಸಾಲಕ್ಕೆ ಒಬ್ಬೊಬ್ಬರಾಗಿ ಚೋಮನ ಮಕ್ಕಳು ಹೋಗಿ ದುಡಿಯುತ್ತಾರೆ. ದುಡಿದಷ್ಟೂ ತೀರದ ಸಾಲ. ಸ್ವಂತ ಬೇಸಾಯ ಮಾಡಬೇಕೆಂಬ ಅವನ ಆಸೆ ದುಡಿಯ ಸದ್ದಿನಲ್ಲೇ ಮುಗಿಯುತ್ತದೆ. ಬ್ರಿಟಿಷರು ೧೮೪೩ರಲ್ಲೇ ಕಾನೂನಿನ ಮೂಲಕ ಗುಲಾಮಗಿರಿಗೆ ಮಾನ್ಯತೆ ತೆಗೆದರೆಂದು ನಾವು ಪಾಠ ಮಾಡುತ್ತೇವೆ. ನಮ್ಮ ಜಿಲ್ಲೆಯಲ್ಲಿ ಮೂಲದಾಳುಗಳು ಒಕ್ಕಲಿನಿಂದ ಒಕ್ಕಲಿಗೆ ಭೂಮಿಯ ಜೊತೆಗೇ ಸೇರಿಕೊಂಡಿದ್ದದ್ದು ಅದಾಗಿ ಎಷ್ಟೋ ಕಾಲ ನಡೆದಿತ್ತು. ಹೈಟಿಯವರಲ್ಲಿ ಇನ್ನೊಂದು ನಂಬಿಕೆಯಿದೆ: ಝೋಂಬಿಯ ನಾಲಿಗೆಗೆ ಉಪ್ಪು ತಾಗಿಸಿದರೆ ಅದಕ್ಕೆ ಎಚ್ಚರ ಬರುತ್ತದೆ, ತಾನು ಸತ್ತವನೆಂದು ನೆನಪಾಗಿ ತನ್ನ ಗೋರಿಗೆ ನಡೆದುಬಿಡುತ್ತದೆ. ಅದಕ್ಕೇ ದುಡಿಸುವವನು ಉಪ್ಪಿಲ್ಲದ ಊಟ ಹಾಕುತ್ತಾನಂತೆ. ನಮ್ಮಲ್ಲಿ ನೋಡಿ, ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವೆ. ಅಲ್ಲಿ ಬಿಡಿಸುವ ಉಪ್ಪು ಇಲ್ಲಿ ಕಟ್ಟಿಹಾಕುತ್ತದೆ.

ಆ ದುಡಿಯುವ ಹೆಣ ಕಚ್ಚುವ ಹೆಣವಾದದ್ದು ಅಮೆರಿಕದವರ ಕೈಯಲ್ಲಿ. ೧೯೧೫ರಿಂದ ೧೯೩೪ರವರೆಗೆ ಅಮೆರಿಕದ ಸೈನ್ಯ ಹೈಟಿಯಲ್ಲಿ ಕೂತಿತ್ತು. ಆಗ ಅಲ್ಲಿಗೆ ಹೋದ ಸೀಬ್ರೂಕ್ ಎಂಬವನು ೧೯೨೯ರಲ್ಲಿ ಬರೆದ ಪುಸ್ತಕದಿಂದ ಈ ಕತೆ ಊರೂರು ಸುತ್ತಿತು, ೧೯೩೨ರಲ್ಲಿ ಸಿನಿಮಾವೂ ಬಂತು. ೧೯೬೮ರಲ್ಲಿ ಜಾರ್ಜ್ ರೊಮೆರೊ ತೆಗೆದ ಸಿನಿಮಾದಲ್ಲಿ ಹೆಣಗಳು ಗುಂಪುಗುಂಪಾಗಿ ಮನೆಗೆ ಮುತ್ತಿಗೆ ಹಾಕುತ್ತವೆ. ರಾತ್ರಿಯಿಡೀ ಹೋರಾಡಿ ಉಳಿದವನು ಒಬ್ಬ ಕಪ್ಪು ಮನುಷ್ಯ. ಬೆಳಿಗ್ಗೆ ಸಹಾಯಕ್ಕೆ ಬಂದ ಬಂದೂಕಿನವರು ಅವನನ್ನೂ ಹೆಣವೆಂದೇ ತಿಳಿದು ಗುಂಡಿಕ್ಕುತ್ತಾರೆ. ಗುಲಾಮನ ದುಃಖದಿಂದ ಹುಟ್ಟಿದ ಭೂತ ಕಡೆಗೆ ಯಜಮಾನನ ಭಯವಾಗಿ ಹೋಯಿತು. ಇತಿಹಾಸದಲ್ಲಿ ಇಂಥ ಕಳ್ಳತನಗಳೂ ಇವೆ, ಯಾವ ಪಠ್ಯಪುಸ್ತಕದಲ್ಲೂ ಬರುವುದಿಲ್ಲ.

ಇಷ್ಟು ಹಿಂದೆ ಮುಂದೆ ಹುಡುಕಲು ಕಾರಣ ಒಂದು ಇಂಗ್ಲಿಷ್ ಕಾದಂಬರಿ. ನಾವು ನಾಲ್ಕೈದು ಜನ, ಕೆಲವರು ನಿವೃತ್ತರು, ಕೆಲವರು ಇನ್ನೂ ಪಾಠ ಮಾಡುವವರು, ಹಳೆಯ ವಿದ್ಯಾರ್ಥಿನಿಯರು ಒಬ್ಬಿಬ್ಬರು, ಪುಸ್ತಕ ಬದಲಾಯಿಸಿಕೊಂಡು ಓದುವ ಅಭ್ಯಾಸ ಇಟ್ಟುಕೊಂಡಿದ್ದೇವೆ. ಒಬ್ಬರ ಮಗಳು ಕಾಲೇಜಿನಿಂದ ತಂದಿಟ್ಟ ‘ವರ್ಲ್ಡ್ ವಾರ್ ಝಡ್’ ಹೀಗೆ ನಮ್ಮ ಸರದಿಗೆ ಬಂತು. ಮ್ಯಾಕ್ಸ್ ಬ್ರೂಕ್ಸ್ ಎಂಬ ಅಮೆರಿಕದವರು ೨೦೦೬ರಲ್ಲಿ ಬರೆದದ್ದು. ೨೦೧೩ರಲ್ಲಿ ಸಿನಿಮಾ ಆಗಿದೆ. ಹೆಣಗಳ ರೋಗ ಚೀನಾದ ಹಳ್ಳಿಯೊಂದರಲ್ಲಿ ಶುರುವಾಗಿ ಲೋಕವೆಲ್ಲ ಹಬ್ಬಿ, ಯುದ್ಧ ನಡೆದು, ಹೇಗೋ ಮುಗಿದಿದೆ. ಆಮೇಲೆ ಒಬ್ಬ ಊರೂರು ತಿರುಗಿ ಬದುಕಿ ಉಳಿದವರ ಮಾತು ಬರೆದುಕೊಳ್ಳುತ್ತಾನೆ. ಡಾಕ್ಟರು, ಸೈನಿಕ, ಕಳ್ಳಸಾಗಣೆಯವನು, ಸುಳ್ಳು ಲಸಿಕೆ ಮಾರಿ ಕೋಟ್ಯಧೀಶನಾದವನು, ಒಬ್ಬೊಬ್ಬರದೂ ನಾಲ್ಕಾರು ಪುಟ. ಸ್ಟಡ್ಸ್ ಟರ್ಕೆಲ್ ಎಂಬವರು ಎರಡನೆಯ ಮಹಾಯುದ್ಧದ ಬಗ್ಗೆ ಸಾಮಾನ್ಯರ ಬಾಯಿಂದ ಕೇಳಿ ಬರೆದ ಪುಸ್ತಕದ ಮಾದರಿಯಂತೆ ಇದು. ಆದ್ದರಿಂದಲೋ ಏನೋ, ಇತಿಹಾಸದ ಟೀಚರಾದ ನನಗೆ ಹಿಡಿಸಿತು.

ಎಲ್ಲರಿಗೂ ಹಿಡಿಸಲಿಲ್ಲ. ಗಣಿತದವರು ಐವತ್ತು ಪುಟಕ್ಕೆ ಮುಚ್ಚಿಟ್ಟರು. ಒಬ್ಬರ ಪರಿಚಯವಾಗುವುದರೊಳಗೆ ಅವರು ಎದ್ದು ಹೋಗುತ್ತಾರೆ, ಇದೆಂಥ ಕಾದಂಬರಿ, ನಾಯಕನಿಲ್ಲ, ನಾಯಕಿಯಿಲ್ಲ ಎಂದರು. ನಾಡಿಗೆ ನಾಡು ಬೇರೆಯಾದರೂ ಎಲ್ಲರೂ ಒಂದೇ ದನಿಯಲ್ಲಿ ಮಾತಾಡುತ್ತಾರೆ ಎಂಬುದು ಇನ್ನೊಬ್ಬರ ದೂರು, ಅದು ನ್ಯಾಯವಾದದ್ದೇ. ಬೈಂದೂರು ಕಡೆಯ ಗೆಳತಿಗೆ ಗುಜರಾತಿನ ಅಲಂಗ್ ತೀರದ ಭಾಗ ಕಣ್ಣಿಗೆ ಕಟ್ಟಿತು. ಹಳೆಯ ಹಡಗು ಒಡೆಯುವ ಆ ಕಡಲದಂಡೆಗೆ ಜನ ಓಡಿಬಂದು, ಮುರುಕಲು ಹಡಗಾದರೂ ಸರಿ ಎಂದು ನೀರಿಗೆ ಬೀಳುತ್ತಾರೆ. ಕಡಲ ಮಗ್ಗುಲಲ್ಲಿ ಬೆಳೆದವರಿಗೆ ಅದನ್ನು ಓದಿ ಸುಮ್ಮನೆ ಮಲಗಲು ಆಗುವುದಿಲ್ಲ. ಎಲ್ಲರೂ ಒಪ್ಪಿದ್ದು ಒಂದೇ ಭಾಗ. ಹೆಣಗಳು ಚಳಿಗೆ ಮರಗಟ್ಟುತ್ತವೆಂದು ಕೇಳಿ ಅಪ್ಪ, ಅಮ್ಮ, ಮಗಳು ಉತ್ತರದ ಹಿಮಸೀಮೆಗೆ ಓಡುತ್ತಾರೆ. ಬೇಸಿಗೆಯಲ್ಲಿ ಪಿಕ್‌ನಿಕ್ಕಿನಂತೆ ಇದ್ದದ್ದು ಚಳಿಗಾಲಕ್ಕೆ ಹಸಿವಾಗುತ್ತದೆ. ಒಂದು ದಿನ ಬಿಡಾರಕ್ಕೆ ಬಿಸಿ ಬಿಸಿ ಮಾಂಸದ ಸಾರು ಬರುತ್ತದೆ. ಅದು ಯಾವ ಮಾಂಸ ಎಂದು ಮಗಳಿಗೆ ಯಾರೂ ಹೇಳುವುದಿಲ್ಲ. ಆ ನಾಲ್ಕು ಪುಟದಲ್ಲಿ ಹೆಣಗಳ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಗಣಿತದವರಿಗೂ ಅದೊಂದನ್ನು ಓದಿ ಹೇಳಿದೆವು. ಅವರು ಆ ದಿನ ಚಹಾ ಕುಡಿಯದೆ ಹೋದರು.

ಅವರಲ್ಲಿ ಅತ್ಯಂತ ಕಡಿಮೆ ಮಾತಾಡಿದವಳು ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿ. ಮುಂಬೈಯಲ್ಲಿ ಒಂದು ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದಳು, ಗಂಡ ಹೋಟೆಲಿನಲ್ಲಿ. ನಮ್ಮ ಕಡೆಯ ಎಷ್ಟು ಮನೆಗಳ ಒಲೆ ಮುಂಬೈಯ ಹೋಟೆಲುಗಳ ಒಲೆಯಿಂದ ಉರಿದಿದೆ ಎಂದು ಬೇರೆ ಹೇಳಬೇಕೆ! ಮಗ ಮುಂಬೈಯಿಂದ ಬರುವ ದಿನ ಎಂದರೆ ಹಬ್ಬ. ೨೦೨೦ರ ಮೇ ತಿಂಗಳಲ್ಲಿ ಆ ಮಕ್ಕಳೆಲ್ಲ ಒಟ್ಟಿಗೆ ಹೊರಟರು. ಕೊರೊನಾ ಮುಂಬೈಯನ್ನು ಸುಡುತ್ತಿತ್ತು, ಹೋಟೆಲುಗಳು ಮುಚ್ಚಿದ್ದವು, ಬಾಡಿಗೆ ಕೊಡಲು ದುಡ್ಡಿರಲಿಲ್ಲ. ಮಾರ್ಚ್‌ನಲ್ಲಿ ಬಂದ ಮೂರು ಪ್ರಕರಣ ಗುಣವಾಗಿ, ನಮ್ಮ ಜಿಲ್ಲೆ ಹಸಿರು ವಲಯ ಎಂದು ಹೆಮ್ಮೆಪಡುತ್ತಿದ್ದ ಹೊತ್ತು. ಶಿರೂರಿನ ಗಡಿಯಲ್ಲಿ ಬಸ್ಸುಗಳು ಸಾಲುಗಟ್ಟಿ ನಿಂತವು. ಇಳಿದವರನ್ನು ಬೈಂದೂರು, ಕುಂದಾಪುರ ತಾಲೂಕುಗಳ ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಕ್ವಾರಂಟೈನಿಗೆ ಇಟ್ಟರು. ಜೂನ್ ೨ರಂದು ರಾಜ್ಯದಲ್ಲಿ ಪತ್ತೆಯಾದ ೩೮೮ ಪ್ರಕರಣಗಳಲ್ಲಿ ೧೫೦ ಉಡುಪಿ ಜಿಲ್ಲೆಯವು. ಹೆಚ್ಚಿನವರಿಗೆ ಕೆಮ್ಮೂ ಇಲ್ಲ, ಜ್ವರವೂ ಇಲ್ಲ.

ಆಗ ಕೇಳಿದ ಮಾತುಗಳನ್ನು ಬರೆಯಲು ಕೈ ಬರುವುದಿಲ್ಲ. ನಮ್ಮ ಊರಿನ ಶಾಲೆಯಲ್ಲಿ ಇಡಬೇಡಿ ಎಂದು ಅಲ್ಲಲ್ಲಿ ತಕರಾರು. ಊಟ ಕೊಡಲು ಹೋದವರು ಬೇಲಿಯ ಈಚೆ ಪೊಟ್ಟಣ ಇಟ್ಟು ಕೂಗಿ ಹೇಳಿ ಹಿಂದೆ ಸರಿಯುವುದು. ಹೆತ್ತ ತಾಯಿಯೇ ಫೋನಿನಲ್ಲಿ, ಈಗ ಬರಬೇಡ ಮಗಾ, ಕೇರಿಯವರು ಒಪ್ಪುವುದಿಲ್ಲ ಎಂದು ಅತ್ತದ್ದನ್ನು ನಾನು ಕೇಳಿದ್ದೇನೆ. ಭಯ ಸುಳ್ಳೆಂದು ಹೇಳಲಾರೆ. ರೋಗ ನಿಜ, ಸಾವು ನಿಜ, ಮನೆಯಲ್ಲಿ ಮುದುಕರಿದ್ದವರು ಹೆದರಿದ್ದೂ ನ್ಯಾಯ. ಆದರೆ ಎಡೆಗೆ ಬಡಿಸಿ ಸತ್ತವರನ್ನು ಒಳಗೆ ಕರೆಯುವ ಊರು ಜೀವಂತ ಮಕ್ಕಳಿಗೆ ಬೇಲಿಯಾಚೆ ಅನ್ನವಿಟ್ಟು ಓಡಿದ್ದನ್ನು ನೋಡಿದೆ. ಕೊಠಡಿಯಲ್ಲಿದ್ದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಅದೇ ಬೆಂಚುಗಳಲ್ಲಿ ಕೂತು ಓದಿದವರು. ಹೆಸರು ಹಿಡಿದು ಕರೆಯುವವರು ಮಾತ್ರ ಕಡಿಮೆಯಾಗಿದ್ದರು. ‘ಮುಂಬೈಯವರು’ ಎಂಬ ಒಂದೇ ಹೆಸರಾಗಿತ್ತು ಅವರಿಗೆಲ್ಲ.

ಈ ಹುಡುಗಿಯೂ ಹಾಗೆ ಬಂದವಳು. ತಾನು ಏಳನೆಯ ತರಗತಿ ಓದಿದ ಕೊಠಡಿಯಲ್ಲೇ ಗಂಡ, ಮಗುವಿನ ಜೊತೆ ಕ್ವಾರಂಟೈನ್ ಮುಗಿಸಿದಳು. ಆಮೇಲೆ ಮುಂಬೈಗೆ ಹೋಗಲಿಲ್ಲ. ಈಗ ಕುಂದಾಪುರದಲ್ಲೇ ಕೆಲಸ. ‘ವರ್ಲ್ಡ್ ವಾರ್ ಝಡ್’ ಅನ್ನು ಅವಳು ಹದಿನೈದು ದಿನ ಇಟ್ಟುಕೊಂಡು ಪೂರ್ತಿ ಓದಿದ್ದಳು. ಚೆನ್ನಾಗಿದೆಯೋ ಇಲ್ಲವೋ ಎಂದು ಎಲ್ಲರೂ ಅವಳ ಬಾಯಿ ನೋಡುತ್ತಿದ್ದೆವು. ಓದಿಸಿಕೊಂಡು ಹೋಗುತ್ತದೆ, ಇನ್ನೊಂದು ಸಲ ಓದುವುದಿಲ್ಲ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, ಸ್ವಲ್ಪ ಹೊತ್ತು ಬಿಟ್ಟು, “ಅದ್ರಗೆ ಎಲ್ಲರೂ ಮಾತಾಡ್ತ್ರ್ ಟೀಚರ್. ಆ ಹೆಣಂಗಳ್ ಮಾತ್ರ ಮಾತಾಡುದಿಲ್ಲೆ. ಅವ್ಕೆ ಎಂತಾಯ್ತ್ ಅಂದ್ ಕೇಂಬವ್ರೇ ಇಲ್ಲೆ” ಎಂದಳು.

ಗಣಿತದವರು ಪುಸ್ತಕವನ್ನು ಕೈಗೆತ್ತಿಕೊಂಡು ತಾವು ಬಿಟ್ಟ ಪುಟ ಹುಡುಕತೊಡಗಿದರು. ಈಗ ಅದು ಅವರ ಮನೆಯಲ್ಲೇ ಇದೆ. ಬ್ರಹ್ಮಾವರದ ಒಬ್ಬರು ಅದಕ್ಕೆ ಕಾಯುತ್ತಿದ್ದಾರೆ. ಅವರಿಗೆ ಅಲ್ಲಿಯವರೆಗೆ ಓದಲು ನಾನು ‘ಶರಪಂಜರ’ ಕೊಟ್ಟಿದ್ದೇನೆ.